ಬೂಟಕ್ಕ ತೊಳೆದ ಒಂಟಿ ಬೂಟು

ಬೆಳಗಾಯಿತೆಂದು ಇಲ್ಲಿ ಸೂರ್ಯ ಹೇಳುವುದಿಲ್ಲ. ಈ ಕಾಲದಲ್ಲಿ ಅವನು ಮುಳುಗುವ ಗೋಜಿಗೇ ಹೋಗದೆ ನೀರಂಚಿನಲ್ಲಿ ಠಿಕಾಣಿ ಹೂಡಿರುತ್ತಾನೆ. ಗಡಿಯಾರ ಐದು ತೋರಿಸಿದರೆ ಬೆಳಗು, ಅಷ್ಟೆ. ಹಡಗಿನ ಕೆಳಗಿನ ಅಂತಸ್ತಿನ ಕೋಣೆಯೊಂದರಲ್ಲಿ ಹಡಗಿನವರೆಲ್ಲ ಬೂಟಕ್ಕ ಎಂದು ಕರೆಯುವ ಹೆಂಗಸೊಬ್ಬರು ಮೊಣಕೈವರೆಗೆ ರಬ್ಬರ್ ಕೈಗವಸು ಏರಿಸಿ, ಮೋಟು ಸ್ಟೂಲಿನ ಮೇಲೆ ಕುಳಿತಿದ್ದಾರೆ. ಸುತ್ತ ಗೋಡೆಯ ಗೂಟಗಳಲ್ಲಿ ರಬ್ಬರ್ ಬೂಟುಗಳು ತಲೆಕೆಳಗಾಗಿ ನಿಂತಿವೆ. ಹೊರಗೆ ಮಂಜುಗಡ್ಡೆಯೊಂದು ಹಡಗಿನ ಮೈಯನ್ನು ಉದ್ದಕ್ಕೂ ಕೆರೆದುಕೊಂಡು ಹೋಗುತ್ತದೆ, ಯಾರೋ ಉಗುರಿನಿಂದ ಬಾಗಿಲು ಗೀರಿದ ಹಾಗೆ. ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನಾನು ಬೆಚ್ಚಿಬೀಳುತ್ತೇನೆ. ಅವರು ತಲೆ ಎತ್ತುವುದಿಲ್ಲ.

"ಐಸು ಅಷ್ಟೆ, ಹೆದರ್ಕೋಬೇಡಿ. ಒಳಗೆ ಬರೋ ಮನಸ್ಸಿದ್ರೆ ಅದು ಬಾಗಿಲು ತಟ್ಟಿ ಕೇಳೋದಿಲ್ಲ."

ಸಮಾಧಾನ ಹೇಳುವ ರೀತಿ ಇದು! ಭೂಮಿಯ ತುದಿಯ ಹಿಮನಾಡನ್ನು ನೋಡಬೇಕೆಂದು ಆಯುಷ್ಯದ ಉಳಿತಾಯವನ್ನೆಲ್ಲ ಸುರಿದು ಬಂದವರು ಮೇಲಿನ ಅಂತಸ್ತುಗಳಲ್ಲಿ ಬೆಚ್ಚಗೆ ಮಲಗಿದ್ದಾರೆ. ತಿಮಿಂಗಿಲ ತೋರಿಸುವ ಮಾರ್ಗದರ್ಶಿಯ ಹೆಸರು ಅವರಿಗೆಲ್ಲ ಬಾಯಿಪಾಠ. ತಮ್ಮ ಕಾಲಿನ ಬೂಟನ್ನು ದಿನಕ್ಕೆರಡು ಬಾರಿ ತಿಕ್ಕುವ ಹೆಂಗಸೊಬ್ಬಳಿದ್ದಾಳೆ ಎಂಬುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಕೆಲಸ ಹೇಳಲು ಸುಲಭ, ಮಾಡಲು ಸೊಂಟ ಬೀಳುತ್ತದೆ. ಹೊರಗಿನ ಹುಲ್ಲಿನ ಬೀಜ ಒಂದೂ ಆ ನೆಲಕ್ಕೆ ಇಳಿಯಬಾರದು, ಆ ನೆಲದ ಒಂದು ಚೂರೂ ಹಡಗು ಹತ್ತಬಾರದು. ಆದ್ದರಿಂದ ದಡಕ್ಕೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ, ಇನ್ನೂರು ಜೊತೆ ಬೂಟಿನ ಅಡಿಯ ಗೀರುಗಳನ್ನೆಲ್ಲ ಕಬ್ಬಿಣದ ಕೊಕ್ಕೆಯಿಂದ ಕೆದಕಿ, ಬ್ರಷ್ಷಿನಿಂದ ತಿಕ್ಕಿ, ಔಷಧಿ ನೀರಿನಲ್ಲಿ ಅದ್ದಿ ತೆಗೆಯಬೇಕು. ಹಕ್ಕಿಗಳ ದಡದಿಂದ ಬಂದ ದಿನ ತೊಟ್ಟಿಯ ನೀರು ಕೆಂಪಾಗುತ್ತದೆ. ಪೆಂಗ್ವಿನ್‌ಗಳು ತಿನ್ನುವುದು ಕೆಂಪು ಸೀಗಡಿಯಂಥ ಪುಟ್ಟ ಜೀವಿ, ಹಾಗಾಗಿ ಹಿಕ್ಕೆಯೂ ಕೆಂಪು. ವಾಸನೆಯ ಮಾತು ಬೇಡ, ಓದುಗರು ಭಾನುವಾರದ ತಿಂಡಿಗೆ ಕುಳಿತಿರಬಹುದು.

ಇಲ್ಲಿಗೆ ಬರುವ ಮೊದಲು ಬೂಟಕ್ಕ ಬಂದರಿನ ಹೋಟೆಲೊಂದರಲ್ಲಿ ಬಟ್ಟೆ ಒಗೆಯುತ್ತಿದ್ದರು. ಇದೇ ಹಡಗಿನಲ್ಲಿ ರಬ್ಬರ್ ದೋಣಿ ನಡೆಸುತ್ತಿದ್ದ ತಮ್ಮ ಈ ಕೆಲಸ ಕೊಡಿಸಿದ. ಎತ್ತಿ ಆಡಿಸಿ ಬೆಳೆಸಿದ ತಮ್ಮ. "ಅಕ್ಕಾ, ಅಲ್ಲಿ ಬಿಸಿ ಇಸ್ತ್ರಿ ಇಲ್ಲ, ಬರೀ ತಣ್ಣೀರು, ಬಾ ಅಂದ. ತಣ್ಣೀರು ಅಂದ್ರೆ ಎಂಥಾ ತಣ್ಣೀರು ಅಂತ ಹೇಳ್ಲಿಲ್ಲ ಕಳ್ಳ," ಎಂದು ಬೂಟಕ್ಕ ನಗುತ್ತಾರೆ. ನಗು ಅರ್ಧದಲ್ಲೇ ನಿಲ್ಲುತ್ತದೆ.

ನಾಲ್ಕು ವರ್ಷದ ಹಿಂದೆ, ಹಕ್ಕಿಗಳ ದಡವಿರುವ ಕೊಲ್ಲಿಯಲ್ಲಿ, ಪ್ರವಾಸಿಗಳೆಲ್ಲ ಹಡಗಿಗೆ ಮರಳಿದ ಮೇಲೆ, ದಡದಲ್ಲಿ ದಾರಿ ತೋರಿಸಲು ನೆಟ್ಟಿದ್ದ ಕೆಂಪು ಕಂಬಗಳನ್ನು ಕಿತ್ತು ತರಲು ಬೂಟು ತೊಳೆಸಿಕೊಂಡು ತಮ್ಮ ಒಬ್ಬನೇ ಹೊರಟ. ಅಷ್ಟರಲ್ಲಿ ಮಂಜು ಕವಿಯಿತು. ಬಹಳ ಹೊತ್ತಿನ ಮೇಲೆ ಅವನ ದೋಣಿ ತೇಲುತ್ತ ಸಿಕ್ಕಿತು. ಅದರಲ್ಲಿ ಅವನಿರಲಿಲ್ಲ, ಕಂಬಗಳೂ ಇರಲಿಲ್ಲ. ಹಗ್ಗದ ಕುಣಿಕೆಗೆ ಸಿಕ್ಕಿಕೊಂಡು ಅವನ ಬಲಗಾಲಿನ ಬೂಟೊಂದೇ ಉಳಿದಿತ್ತು. ಗಾಬರಿಯಲ್ಲಿ ಜೊತೆಗಾರನೊಬ್ಬ ಅದನ್ನು ತಂದು ಅಕ್ಕನ ಕೈಗೆ ಹಾಕಿ, ಕ್ಯಾಪ್ಟನ್‌ಗೆ ತಿಳಿಸಲು ಮೇಲಕ್ಕೆ ಓಡಿದ.

ಬೂಟಕ್ಕ ಅದನ್ನು ತೊಳೆದರು.

"ಯಾಕೆ ತೊಳೆದೆ ಅಂದ್ರೆ ಏನು ಹೇಳ್ಲಿ? ಬೂಟು ಕೈಗೆ ಬಂತು. ಕೊಕ್ಕೆ ತಗೊಂಡೆ, ಕೆದಕಿದೆ, ತಿಕ್ಕಿದೆ, ಅದ್ದಿದೆ. ಬಾಯಿ ಅವನ ಹೆಸರು ಹಿಡಿದು ಅಳ್ತಿತ್ತು, ಕೈ ಅದರ ಪಾಡಿಗದು ತೊಳೀತಿತ್ತು. ಗೂಟಕ್ಕೆ ಹಾಕೋ ಹೊತ್ತಿಗೆ ಕ್ಯಾಪ್ಟನ್ ಬಾಗಿಲಲ್ಲಿ ನಿಂತಿದ್ರು."

ಕ್ಯಾಪ್ಟನ್ ಕೇಳಿದ್ದು ಒಂದೇ ಪ್ರಶ್ನೆ: ಬೂಟಿನ ಅಡಿಯಲ್ಲಿ ಕೆಂಪು ಇತ್ತಾ? ಇದ್ದರೆ ಅವನು ದಡ ಮುಟ್ಟಿದ್ದಾನೆ, ಅಲ್ಲಿಯೇ ಹಗ್ಗಕ್ಕೆ ಕಾಲು ಸಿಕ್ಕು ದೋಣಿ ಜಾರಿದೆ, ಒಂಟಿ ಬೂಟಿನಲ್ಲಿ ದಡದಲ್ಲೇ ಇದ್ದಾನೆ. ಇಲ್ಲದಿದ್ದರೆ ದಾರಿಯಲ್ಲೇ ನೀರಿಗೆ ಬಿದ್ದಿದ್ದಾನೆ. ಆ ಮಂಜಿನಲ್ಲಿ ಇಳಿಸಲು ಸಾಧ್ಯವಿದ್ದದ್ದು ಎರಡೇ ದೋಣಿ. ಬೂಟಕ್ಕ ಅಡಿ ನೋಡದೆಯೇ ತೊಳೆದಿದ್ದರು. ತೊಟ್ಟಿಯ ನೀರೇನೋ ಕೆಂಪಗೇ ಇತ್ತು, ಆದರೆ ಆ ಮಧ್ಯಾಹ್ನ ಅದರಲ್ಲಿ ಎಲ್ಲರ ಬೂಟೂ ತೊಳೆದಾಗಿತ್ತು. ಕೊನೆಗೆ ಒಂದು ದೋಣಿ ದಡಕ್ಕೆ ಹೋಯಿತು, ಒಂದು ನೀರು ಹುಡುಕಿತು. ಯಾವುದಕ್ಕೂ ಅವನು ಸಿಗಲಿಲ್ಲ. ಬಿರುಗಾಳಿ ಎದ್ದು, ಹಡಗು ಕೊಲ್ಲಿ ಬಿಟ್ಟು ಹೊರಟಿತು.

"ಎರಡೂ ಒಂದೇ ಕಡೆ ಹೋಗಿದ್ರೆ ಸಿಕ್ತಿದ್ನೇನೋ. ಫೋನಲ್ಲಿ ಅಮ್ಮ ಅಳ್ಲಿಲ್ಲ. 'ಕೈಯಲ್ಲೇ ಇತ್ತಲ್ಲೇ, ನೀನು ನೋಡ್ಲಿಲ್ವಾ?' ಅಂದ್ಲು. ಅಷ್ಟೇ ಅಂದಿದ್ದು."

ಅಡುಗೆಮನೆಗೆ ಹಾಕುತ್ತೇವೆ, ಈ ಕೋಣೆ ಬೇಡ ಎಂದು ಹಡಗಿನವರು ಎಷ್ಟೋ ಬಾರಿ ಹೇಳಿದ್ದಾರೆ. ಬೂಟಕ್ಕ ಜಪ್ಪಯ್ಯ ಎನ್ನಲಿಲ್ಲ. ಅಂದಿನಿಂದ ಯಾರದೇ ಬೂಟಾದರೂ ಮೊದಲು ತಿರುಗಿಸಿ ಬೆಳಕಿಗೆ ಹಿಡಿಯುತ್ತಾರೆ, "ಕೆಂಪು" ಎಂದೋ "ಇಲ್ಲ" ಎಂದೋ ಬಾಯಿಬಿಟ್ಟು ಹೇಳುತ್ತಾರೆ, ಆಮೇಲೆಯೇ ಬ್ರಷ್ಷು. ಹೊಸಬರು ಮುಸಿಮುಸಿ ನಗುತ್ತಾರೆ. ಮೊದಲ ದಿನ ನಾನೂ ನಕ್ಕಿದ್ದೆ.

ಇಂದು ನಮ್ಮ ಹಡಗು ನಿಂತಿರುವುದು ಅದೇ ಕೊಲ್ಲಿಯಲ್ಲಿ. ಮಧ್ಯಾಹ್ನ ದಡ ನೋಡಿಕೊಂಡು ಎಲ್ಲರೂ ಮರಳಿದ್ದಾರೆ. ಮಂಜು ಇಳಿಯುತ್ತಿದೆ. ಹಕ್ಕಿಗಳ ಗಲಾಟೆ ಒಮ್ಮೆಲೇ ನಿಂತಿದೆ, ಯಾಕೆಂದು ಯಾರಿಗೂ ಗೊತ್ತಿಲ್ಲ. ಕೊನೆಯ ದೋಣಿಯಲ್ಲಿ ಬಂದ ನಿವೃತ್ತ ನರ್ಸಮ್ಮ ಬೂಟಕ್ಕನ ಕೋಣೆಯ ಬೆಂಚಿನ ಮೇಲೆ ಕುಳಿತು ಬೂಟು ಕಳಚುತ್ತ, ಹವಾಮಾನದ ಮಾತಾಡಿದಷ್ಟು ಸಲೀಸಾಗಿ ಹೇಳುತ್ತಾರೆ: "ನಿಮ್ಮವರೊಬ್ಬರು ಅಲ್ಲೇ ನಿಂತುಬಿಟ್ರಲ್ಲ, ಅವರನ್ನ ಕರ್ಕೊಂಡು ಬರೋದು ಯಾವಾಗ?"

ದೋಣಿ ಮೇಸ್ತ್ರಿ ನಗುತ್ತಾನೆ. "ಎಲ್ಲರೂ ಹತ್ತಿದ್ದಾರಮ್ಮ. ಮಂಜಲ್ಲಿ ಕಂಬಾನೂ ಮನುಷ್ಯನ ಹಾಗೇ ಕಾಣುತ್ತೆ." ಹಾಗೆಂದವನೇ ತೆರೆದ ಬಾಗಿಲಾಚೆ ತನ್ನ ದೋಣಿಯತ್ತ ತಿರುಗುತ್ತಾನೆ. ದಡದ ಕಂಬಗಳೆಲ್ಲ ಅದರಲ್ಲೇ ಮಲಗಿವೆ, ಒದ್ದೆಯಾಗಿ.

ಬೂಟಕ್ಕ ಕೈಯಲ್ಲಿದ್ದ ಕೊಕ್ಕೆ ಕೆಳಗಿಡುತ್ತಾರೆ. "ಅಮ್ಮಾ, ಅವನ ಕಾಲಲ್ಲಿ ಬೂಟಿತ್ತಾ?"

"ಅಷ್ಟು ದೂರದಿಂದ ಏನು ಕಾಣುತ್ತೆ? ಆದ್ರೆ ಒಂಟಿಕಾಲಲ್ಲಿ ನಿಂತಿದ್ರು. ಬಲಗಾಲನ್ನ ನೆಲಕ್ಕೇ ಊರ್ತಿರಲಿಲ್ಲ, ತಣ್ಣಗೆ ಕೊರೆಯುತ್ತೇನೋ ಅನ್ನೋ ಹಾಗೆ."

ಮೇಸ್ತ್ರಿ ದೋಣಿ ತಿರುಗಿಸಿಕೊಂಡು ದಡದತ್ತ ಹೋಗುತ್ತಾನೆ. ಇಂಜಿನ್ ಸದ್ದು ಮಂಜಿನಲ್ಲಿ ಸಣ್ಣಗಾಗಿ, ಇಲ್ಲವಾಗಿ, ಬಹಳ ಹೊತ್ತಿನ ಮೇಲೆ ಮತ್ತೆ ಕೇಳಿಸುತ್ತದೆ. ದೋಣಿಯಲ್ಲಿ ಅವನೊಬ್ಬನೇ. ಮೆಟ್ಟಿಲು ಹತ್ತಿ ಬಂದು, ಬೂಟಕ್ಕನ ಮುಖ ನೋಡಲಾರದೆ ಕಾಲು ಚಾಚುತ್ತಾನೆ. ಅವರು ಅವನ ಬೂಟನ್ನು ತಿರುಗಿಸಿ ಬೆಳಕಿಗೆ ಹಿಡಿದು "ಕೆಂಪು" ಎನ್ನುತ್ತಾರೆ, ತೊಳೆಯುತ್ತಾರೆ.

ಪುರವಣಿಯವರು ಕೊನೆಯಲ್ಲಿ ಕೇಳಲೇಬೇಕೆಂದು ಹೇಳಿ ಕಳಿಸಿದ ಪ್ರಶ್ನೆಯೊಂದಿದೆ. ಈಗ ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ: ನಿಮ್ಮ ಆಸೆ ಏನಕ್ಕಾ?

ಬೂಟಕ್ಕ ಬಾಗಿಲಾಚೆಯ ಬಿಳುಪನ್ನೇ ನೋಡುತ್ತಾರೆ.

"ಎಡಗಾಲಿಂದು ಇನ್ನೂ ಬಂದಿಲ್ಲ ನೋಡಿ. ಅವನೇ ಹಾಕ್ಕೊಂಡು ಬರಲಿ, ಇಲ್ಲ ಬರೀ ಬೂಟೇ ಬರಲಿ. ಈ ಸಲ ತೊಳೆಯಲ್ಲ ನಾನು. ಮೊದಲು ತಿರುಗಿಸಿ ನೋಡ್ತೀನಿ."