ನಿಮ್ಮೂರಲ್ಲಿ ಎಷ್ಟು ಕಡ್ಡಿ?

ಮೊನ್ನೆ ಬೆಳಗ್ಗೆ ತಾರಸಿಯ ಮೇಲೆ ಹುಣಸೆಹಣ್ಣು ಒಣಹಾಕುತ್ತಿದ್ದೆ. ಜುಬ್ಬದ ಜೇಬಿನಲ್ಲಿದ್ದ ಫೋನು ಟಣ್ ಎಂದಿತು. ತೆಗೆದು ನೋಡಿದರೆ ಪರದೆಯ ಮೂಲೆಯಲ್ಲಿ, ಹಿಂದಿನ ದಿನದವರೆಗೂ ನಾಲ್ಕು ಇದ್ದ ಜಾಗದಲ್ಲಿ, ಐದು ಬಂದು ಕೂತಿತ್ತು. ಫೈವ್ ಜಿ! ನಮ್ಮ ಮಧುಗಿರಿಗೆ, ಅದರಲ್ಲೂ ನಮ್ಮ ಮನೆಯ ತಾರಸಿಗೆ! ಇಷ್ಟು ವೇಗ ಬಂದು ನಿನಗೇನಾಗಬೇಕಾಗಿದೆಯಪ್ಪಾ ಎಂದು ನೀವು ಕೇಳಬಹುದು. ನಿವೃತ್ತ ಮೇಷ್ಟ್ರು ನಾನು. ಬೆಳಗ್ಗೆ ನಾಲ್ಕು ಜನಕ್ಕೆ ಶುಭೋದಯ ಕಳಿಸುತ್ತೇನೆ, ಮಧ್ಯಾಹ್ನ ಮಲಗುತ್ತೇನೆ. ಆ ಶುಭೋದಯ ಮೊದಲಿಗಿಂತ ಅರ್ಧ ನಿಮಿಷ ಬೇಗ ತಲುಪಿದರೆ ಯಾರ ಬೆಳಗೂ ಬೇಗ ಆಗುವುದಿಲ್ಲ. ಆದರೂ ಎದೆ ಉಬ್ಬಿತು. ಹುಣಸೆಯ ಅಂಟುಗೈಯಲ್ಲೇ ಪರದೆಯ ಚಿತ್ರ ಹಿಡಿದು ಶಿರಾದ ಜಬ್ಬಾರ್ ಮೇಷ್ಟ್ರಿಗೆ ಕಳಿಸಿಬಿಟ್ಟೆ. ಹಾಗೇ ಹನುಮಂತರಾಯನಿಗೂ ಕಳಿಸೋಣವೆಂದು ಅವನ ಹೆಸರಿನ ಮೇಲೆ ಬೆರಳಿಟ್ಟೆ. ಅಲ್ಲಿ ಮಾತ್ರ ಬೆರಳು ನಿಂತುಬಿಟ್ಟಿತು.

ಏಕೆಂದು ಹೇಳಬೇಕಾದರೆ ಕೊರಟಗೆರೆಯಿಂದ ಶುರುಮಾಡಬೇಕು. ಅಲ್ಲಿನ ಹೈಸ್ಕೂಲಿನಲ್ಲಿ ನಾವು ಮೂವರೂ ಬಹಳ ವರ್ಷ ಒಟ್ಟಿಗಿದ್ದೆವು. ನಾನು ಕನ್ನಡ, ಜಬ್ಬಾರ್ ಗಣಿತ, ಹನುಮಂತರಾಯ ಡ್ರಿಲ್ ಮೇಷ್ಟ್ರು. ಮಧ್ಯಾಹ್ನ ಬುತ್ತಿ ಬಿಚ್ಚಿದ ಕೂಡಲೇ ಊರುಗಳ ಕುಸ್ತಿ ಆರಂಭ. ಒಂದೇ ಕಲ್ಲಿನ ಬೆಟ್ಟ, ಅದರ ಮೇಲೆ ಕೋಟೆ ನಮ್ಮದು, ಅಂಥದ್ದನ್ನು ನಿಮ್ಮ ಕಡೆ ಎಲ್ಲಾದರೂ ತೋರಿಸಿ ಎಂದು ನಾನು. ಕಲ್ಲು ಬಿಡಿ ಸಾಬ್, ಸುಬೇದಾರರು ಕೂತು ನಾಡು ಆಳಿದ್ದು ನಮ್ಮ ಶಿರಾದಲ್ಲಿ ಎಂದು ಜಬ್ಬಾರ್. ಹನುಮಂತರಾಯನ ಊರು ಪಾವಗಡ ತಾಲ್ಲೂಕಿನಲ್ಲಿ, ನಿಡುಗಲ್ ಬೆಟ್ಟದ ಕಡೆ. ಹೆಸರು ಬರೆದರೆ ಬೈದಾನು, ಬೇಡ. ಅವನು ಮುದ್ದೆ ನುಂಗುವವರೆಗೂ ಸುಮ್ಮನಿದ್ದು ಕೊನೆಗೆ, "ನಿಮ್ ಕ್ವಾಟೆ ಕೊತ್ತಲ ಎಲ್ಲಾ ಸತ್ತೋದವರ್ದು ಕಣಯ್ಯ. ನಮ್ಮೂರ್ ಜನ ಇನ್ನೂ ಬದುಕವ್ರೆ, ಬಂದು ನೋಡು" ಎನ್ನುತ್ತಿದ್ದ. ನಮ್ಮ ಹೆಡ್ ಮೇಡಂ ಕೊರಟಗೆರೆಯವರೇ. "ಮೂರು ಜನಕ್ಕೂ ಅನ್ನ ಕೊಡ್ತಿರೋದು ನಮ್ಮೂರು. ಅದನ್ನ ಮಾತ್ರ ಯಾರೂ ಹೊಗಳಲ್ವಲ್ಲ" ಎಂದು ನಕ್ಕು ಹೋಗುತ್ತಿದ್ದರು.

ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಕೋಟೆ, ಸುಬೇದಾರರು ಎಲ್ಲ ಹಿಂದೆ ಸರಿದರು. ಸೋಮವಾರ ಊರಿಂದ ಬಂದವರು ಒಬ್ಬರನ್ನೊಬ್ಬರು ಕೇಳುತ್ತಿದ್ದ ಮೊದಲ ಮಾತೇ "ನಿಮ್ಮೂರಲ್ಲಿ ಎಷ್ಟು ಕಡ್ಡಿ?" ಎಂದು. ಕಡ್ಡಿ ಎಂದರೆ ಗೊತ್ತಲ್ಲ, ಫೋನಿನ ತಲೆಯ ಮೇಲೆ ಮೆಟ್ಟಿಲಿನ ಹಾಗೆ ಏರುತ್ತಾ ನಿಲ್ಲುವ ಸಿಗ್ನಲ್ ಗೆರೆಗಳು. ಶಿರಾಕ್ಕೆ ಹೆದ್ದಾರಿಯ ಬಲ. ಟೂ ಜಿ ಹೋಗಿ ತ್ರೀ ಜಿ, ಅದು ಹೋಗಿ ಫೋರ್ ಜಿ, ಏನೇ ಬಂದರೂ ಮೊದಲು ಜಬ್ಬಾರ್ ಮೀಸೆ ತಿರುವುತ್ತಿದ್ದ. ಒಂದಿಷ್ಟು ತಿಂಗಳ ಮೇಲೆ ನನ್ನ ಸರದಿ. ಹನುಮಂತರಾಯನ ಸರದಿ ಬರಲೇ ಇಲ್ಲ. ಆದರೆ ಅವನು ಸೋಲು ಒಪ್ಪುವ ಪೈಕಿಯೇ? "ನಿಮ್ ಫೋನು ಚಾರ್ಜ್ ಆಗೋದೇ ನಮ್ ಬಿಸ್ಲಿಂದ ಕಣಯ್ಯ. ವಳ್ಳೂರ್ ಕಡೆ ಹೋಗಿ ನೋಡು, ಭೂಮಿಗೆಲ್ಲಾ ಗಾಜು ಹೊದ್ಸಿ ಕರೆಂಟ್ ತೆಗೀತಾವ್ರೆ. ಕಡ್ಡಿ ಇಟ್ಕಂಡು ಏನ್ ಮಾಡ್ತೀಯ, ಕರೆಂಟೇ ಇಲ್ದೆ?" ಎನ್ನುತ್ತಿದ್ದ.

ಒಮ್ಮೆ ದೇವರ ಕಾರ್ಯಕ್ಕೆಂದು ಅವನ ಊರಿಗೆ ಹೋಗಿದ್ದೆ. ತಲುಪಿದೆನೆಂದು ಮನೆಗೆ ತಿಳಿಸಲು ಫೋನು ತೆಗೆದರೆ ಒಂದು ಕಡ್ಡಿಯೂ ಇಲ್ಲ. "ನಿನ್ ಫೋನ್ ಸರಿಯಿಲ್ಲ" ಎಂದುಬಿಟ್ಟ ಹನುಮಂತರಾಯ. ಕಿಟಕಿಯ ಹತ್ತಿರ ಹಿಡಿಸಿದ, ಕಣಜದ ಮೇಲೆ ಇಡಿಸಿದ, ಕೊನೆಗೆ ನನ್ನನ್ನು ದನದ ಕೊಟ್ಟಿಗೆಯ ಗೋಡೆ ಹತ್ತಿಸಿ, "ಈಗ ಬತ್ತದೆ ನೋಡು, ನಮ್ಮೂರ್ ಸಿಗ್ನಲ್ಲು ಸಲ್ಪ ನಾಚ್ಕೆ ಸ್ವಭಾವದ್ದು" ಎಂದ. ಅವನ ಮಗಳು ಪದ್ಮ ಆಗಿನ್ನೂ ಹೈಸ್ಕೂಲು ಹುಡುಗಿ. ಬಾಗಿಲಲ್ಲಿ ನಿಂತು ನಗು ತಡೆಯಲಾರದೆ, "ನಾಯ್ನಾ, ಸಾರ್‌ನ ಬಂಡೆಗೆ ಕರ್ಕೊಂಡ್ ಹೋಗ್ಲಾ?" ಎಂದಳು. ಆ ಕಡೆ ಮನೆಮನೆಯಲ್ಲೂ ತೆಲುಗಿನ ಬೆರಕೆ. ತಂದೆ ಅವರಿಗೆ ನಾಯ್ನ.

ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ ಆ ಬಂಡೆ. ಇಡೀ ಊರಿಗೆ ಸಿಗ್ನಲ್ ಸಿಗುತ್ತಿದ್ದ ಜಾಗ ಅದೊಂದೇ. ಪದ್ಮ ದಾರಿಯುದ್ದಕ್ಕೂ ಅಲ್ಲಿನ ಕಟ್ಟಳೆಗಳನ್ನು ವಿವರಿಸಿದಳು. ಒಬ್ಬರು ಮಾತಾಡುವಾಗ ಉಳಿದವರು ಬೆನ್ನು ತಿರುಗಿಸಿ ಕೂರಬೇಕು. ಕೇಳಿಸಿದ್ದನ್ನು ಗುಡ್ಡದ ಕೆಳಗೆ ತರಬಾರದು. ಹೆರಿಗೆ, ಸಾವಿನ ಸುದ್ದಿಯಾದರೆ ಸರದಿ ಬಿಟ್ಟುಕೊಡಬೇಕು. ನಾನು ಹೋದಾಗ ನ್ಯಾಯಬೆಲೆ ಅಂಗಡಿಯವನು ಹೆಬ್ಬೆಟ್ಟಿನ ಮೆಷಿನ್ನನ್ನು ಅಲ್ಲಿಗೇ ಹೊತ್ತು ತಂದು ಕೂತಿದ್ದ. ಮುದುಕಿಯರು ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬೆರಳೊತ್ತಿ, ಅಕ್ಕಿಗೆ ಮತ್ತೆ ಕೆಳಗಿಳಿಯುತ್ತಿದ್ದರು. ನನ್ನನ್ನು ಪರಸ್ಥಳದವನೆಂದು ಮುಂದೆ ಬಿಟ್ಟರು. ನಾನು ಹೆಂಡತಿಯನ್ನು "ಊಟ ಆಯ್ತಾ" ಎಂದು ಕೇಳುವಾಗ ಹತ್ತು ಹನ್ನೆರಡು ಜನ ನನಗೆ ಬೆನ್ನು ಮಾಡಿ ಕೂತಿದ್ದರು. ಅಷ್ಟು ಮರ್ಯಾದೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆ ಮರ್ಯಾದೆಗೆ ನಾನು ಮಾಡಿದ್ದೇನು ಗೊತ್ತೇ? ಸೋಮವಾರ ಸ್ಟಾಫ್ ರೂಮಿನಲ್ಲಿ ಕುರ್ಚಿಯ ಮೇಲೆ ಹತ್ತಿ ನಿಂತು, ಫೋನು ಎತ್ತಿ ಹಿಡಿದು, ಕೊಟ್ಟಿಗೆಯ ಗೋಡೆಯ ಪ್ರಸಂಗವನ್ನೆಲ್ಲ ಅಭಿನಯಿಸಿ ತೋರಿಸಿದೆ. ನಾಚಿಕೆ ಸ್ವಭಾವದ ಸಿಗ್ನಲ್ಲು ಎಂದಾಗ ಹೆಡ್ ಮೇಡಮ್ಮೂ ಸೆರಗು ಬಾಯಿಗಿಟ್ಟು ನಕ್ಕರು. ಹನುಮಂತರಾಯನೂ ನಕ್ಕ. ಆಮೇಲೆ ಬೆಲ್ ಹೊಡೆಯಲು ಇನ್ನೂ ಹತ್ತು ನಿಮಿಷವಿದ್ದರೂ ಪೀಪಿ ಹಿಡಿದು ಮೈದಾನಕ್ಕೆ ಹೊರಟುಹೋದ.

ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಮೂವರೂ ಅವರವರ ಊರು ಸೇರಿಕೊಂಡೆವು. ಅಷ್ಟರಲ್ಲಿ ಪದ್ಮ ಬಿ.ಎಡ್. ಮುಗಿಸಿದ್ದಳು. ಆ ಹುಡುಗಿಗೆ ಚಿಕ್ಕಂದಿನಿಂದಲೂ ಒಂದೇ ಆಸೆ, ಮೇಷ್ಟ್ರಾಗಬೇಕು. ಮನೆಯ ಕದದ ಹಿಂದೆಲ್ಲ ಸೀಮೆಸುಣ್ಣದಲ್ಲಿ ಕಾಗುಣಿತ ಬರೆದು ಕರುಗಳಿಗೆ ಪಾಠ ಹೇಳುತ್ತಿದ್ದಳಂತೆ. ದೂರದ ಒಂದು ವಸತಿಶಾಲೆಯವರು ಅವಳ ಅರ್ಜಿಗೆ ಉತ್ತರ ಕೊಟ್ಟಿದ್ದರು. ಗುರುವಾರ ಹನ್ನೊಂದು ಗಂಟೆಗೆ ವಿಡಿಯೋದಲ್ಲಿ ಸಂದರ್ಶನ. ಅದನ್ನು ಹೇಳಲೆಂದೇ ಹನುಮಂತರಾಯ ಬಂಡೆ ಹತ್ತಿ ನನಗೆ ಫೋನು ಮಾಡಿದ. "ಕೆಲ್ಸ ಸಿಕ್ದಂಗೇ ಕಣಯ್ಯ. ಮೂವತ್ತು ಜನದಲ್ಲಿ ಐದೇ ಜನನ್ನ ಕರ್ದವ್ರಂತೆ" ಎಂದ. ಅವನ ದನಿಯಲ್ಲಿ ಅಷ್ಟು ಸಂಭ್ರಮವನ್ನು ನಾನು ಎಂದೂ ಕೇಳಿರಲಿಲ್ಲ.

ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ನಮ್ಮ ಮನೆಗೆ ಕಳಿಸೆಂದು ಆಗಲೇ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತಲ್ಲ? ಹಾಳು ಬಾಯಿ ನಿಲ್ಲಲಿಲ್ಲ. "ಬುಧವಾರನೇ ಕಳ್ಸಯ್ಯ. ಇಲ್ಲಿ ಕಡ್ಡಿ ತುಂಬಿ ತುಳುಕ್ತಾವೆ. ಆ ನಿಮ್ಮ ಬಂಡೆ ಮೇಲೆ ಕೂತು ಇಂಟರ್‌ವ್ಯೂ ಕೊಟ್ರೆ, ಪಾಠ ಮಾಡೋಕ್ ಬಂದವ್ಳೋ ಮೇಕೆ ಮೇಯ್ಸೋಕ್ ಬಂದವ್ಳೋ ಅಂತ ಕೇಳ್ತಾರೆ ಕಣಯ್ಯ!" ಎಂದು ನಾನೇ ಗಹಗಹಿಸಿ ನಕ್ಕೆ.

ಆ ಕಡೆಯಿಂದ ಸದ್ದಿಲ್ಲ. ಸಿಗ್ನಲ್ ಹೋಯಿತೆಂದುಕೊಂಡು ಎರಡು ಸಲ ಹಲೋ ಎಂದೆ. ಆಮೇಲೆ ಹನುಮಂತರಾಯ ನಿಧಾನವಾಗಿ, "ನೋಡ್ತೀನಿ ತಡಿಯಪ್ಪ, ನಾಳೆ ಹೇಳ್ತೀನಿ" ಎಂದ. ಮಾರನೆಯ ದಿನ ಒಂದೇ ಸಾಲಿನ ಸಂದೇಶ ಬಂತು: ಬೇಡ, ನಮ್ಮೂರಲ್ಲೇ ಆಗುತ್ತದೆ. ಓಹೋ, ಊರಿನ ಅಭಿಮಾನ ನೆತ್ತಿಗೇರಿದೆ, ಮೊಂಡ ಎಂದು ಜಬ್ಬಾರನ ಹತ್ತಿರ ಆಡಿಕೊಂಡೆ. "ನೀವೂ ಸ್ವಲ್ಪ ಜಾಸ್ತಿ ಮಾತಾಡ್ತೀರ ಸಾಬ್" ಎಂದಿದ್ದ ಜಬ್ಬಾರ್. ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗುರುವಾರ ನಡೆದದ್ದು ನನಗೆ ಗೊತ್ತಾದದ್ದು ಶಾಲೆ ಮತ್ತೆ ತೆರೆದ ಮೇಲೆ, ಹನುಮಂತರಾಯನ ಬಾಯಿಂದಲೇ. ಊರಿನವರು ಆ ಒಂದು ಗಂಟೆ ಬಂಡೆಯನ್ನು ಪದ್ಮಳಿಗೇ ಬಿಟ್ಟುಕೊಟ್ಟಿದ್ದರಂತೆ. ಹೆಬ್ಬೆಟ್ಟಿನ ಮೆಷಿನ್ನೂ ಬಂದ್. ಹಿಂದೆ ಕಲ್ಲು, ಜಾಲಿ ಕಾಣಬಾರದೆಂದು ಹನುಮಂತರಾಯ ಮತ್ತು ಅವನ ಹೆಂಡತಿ ಬಿಳಿ ಪಂಚೆಯೊಂದನ್ನು ಎರಡು ಕಡೆ ಹಿಡಿದು ಗೋಡೆಯ ಹಾಗೆ ನಿಂತಿದ್ದರು. ಮೊದಲ ಎರಡು ಪ್ರಶ್ನೆಗೆ ಹುಡುಗಿ ಪಟಪಟನೆ ಉತ್ತರ ಹೇಳಿದಳು. ಮೂರನೆಯದಕ್ಕೆ ಬಾಯಿ ತೆರೆಯುವಾಗ ಫೋನು ಬಡಿದುಕೊಂಡಿತು. ನಮ್ಮ ಹುಡುಗಿ ವಿಡಿಯೋದಲ್ಲಿ ದೊಡ್ಡ ದೊಡ್ಡವರ ಜೊತೆ ಮಾತಾಡುತ್ತಾಳೆಂದು ಮನೆಯವರು ನೆಂಟರಿಗೆಲ್ಲ ಮೊದಲೇ ಸಾರಿಬಿಟ್ಟಿದ್ದರಲ್ಲ, ಸೋದರಮಾವ ಒಳ್ಳೆಯದಾಗಲೆಂದು ಹರಸುವುದಕ್ಕೆ ಸರಿಯಾಗಿ ಆ ಹೊತ್ತಿಗೇ ಫೋನು ಹಚ್ಚಿದ್ದ. ಅಲ್ಲಿನ ಬಡ ಸಿಗ್ನಲ್ಲಿಗೆ ಕರೆ ಬಂದರೆ ವಿಡಿಯೋ ನಿಲ್ಲುತ್ತದೆ. ಮತ್ತೆ ಹಚ್ಚಿದರೆ ಚಿಕ್ಕಮ್ಮ. ಅದಾದ ಮೇಲೆ ಹಿಂದೂಪುರದ ಭಾವ. ಮೂವರ ಹರಕೆ ಮುಗಿಯುವ ಹೊತ್ತಿಗೆ ಪರದೆಯಲ್ಲಿ ಬೇರೆ ಯಾರೋ ಅಭ್ಯರ್ಥಿ ಕೂತಿದ್ದಳು. "ತಿಳಿಸ್ತೀವಮ್ಮ" ಎಂದರಂತೆ ಆ ಶಾಲೆಯವರು. ತಿಳಿಸಲಿಲ್ಲ.

ಇದನ್ನೆಲ್ಲ ಕೇಳಿ ನಾನು ತಡೆಯಲಾರದೆ ಬೈದೆ. "ನಿನ್ ಹಟಕ್ಕೆ ಮಗಳ ಕೆಲ್ಸ ಹೋಯ್ತಲ್ಲಯ್ಯಾ. ನಮ್ಮನೆಗೆ ಕಳ್ಸಿದ್ರೆ ಏನಾಗ್ತಿತ್ತು?" ಎಂದೆ. ಎಲ್ಲರೆದುರಿಗೇ ಹೇಳಿದೆ. ಹನುಮಂತರಾಯ ಬುತ್ತಿಯ ಮುಚ್ಚಳ ಮುಚ್ಚುತ್ತಾ, "ಊಂ ಕಣಪ್ಪ, ನಂದೇ ತಪ್ಪು" ಎಂದ. ಎಂದೂ ಸೋಲೊಪ್ಪದವನು ಒಪ್ಪಿಕೊಂಡನೆಂದು ನನಗೆ ಒಳಗೊಳಗೇ ಹಿತವೂ ಆಯಿತು. ಅಷ್ಟು ಸಣ್ಣ ಮನುಷ್ಯ ನಾನು.

ಮೊನ್ನೆ ಬೆರಳು ನಿಂತದ್ದು ಇದಕ್ಕೇ. ಐದನೆಯ ಜಿ ಬಂತೆಂದು ಆ ಮನೆಗೆ ಚಿತ್ರ ಕಳಿಸಲು ನನಗೂ ಮುಖವಿರಲಿಲ್ಲ. ಸುಮ್ಮನೆ ಫೋನು ಮಾಡಿ ಕ್ಷೇಮ ಕೇಳೋಣವೆಂದು ಹಚ್ಚಿದೆ. ಎತ್ತಿದ್ದು ಪದ್ಮ. ಅವಳೀಗ ಊರಿನ ಶಾಲೆಯಲ್ಲೇ ಅತಿಥಿ ಶಿಕ್ಷಕಿ, ವರ್ಷ ವರ್ಷವೂ ಉಳಿಸುತ್ತಾರೋ ಇಲ್ಲವೋ ಗೊತ್ತಿಲ್ಲದ ಕೆಲಸ. "ನಾಯ್ನ ಹೊಲಕ್ಕೆ ಹೋಗವ್ರೆ ಸಾರ್. ನಾನು ಮಕ್ಳ ಹಾಜರಿ ಕಳ್ಸೋಣ ಅಂತ ಅವರ ಫೋನ್ ತಗಂಡು ಬಂಡೆಗೆ ಬಂದೆ" ಎಂದಳು. ಹೊಸ ಟವರ್ ಬರಲಿಲ್ಲವೇ ಎಂದರೆ, "ಬತ್ತದೆ ಅಂತಾನೇ ಅವ್ರೆ ಸಾರ್" ಎಂದು ನಕ್ಕಳು. ಸಮಾಧಾನ ಮಾಡುವವನ ಹಾಗೆ, "ಆವತ್ತು ನಿಮ್ ನಾಯ್ನ ಹಟ ಮಾಡ್ದೆ ನಮ್ಮನೆಗೆ ಕಳ್ಸಿದ್ರೆ ನೀನು ಈಗ ಎಲ್ಲೋ ಇರ್ತಿದ್ದೆ ಕಣಮ್ಮ" ಎಂದೆ.

"ನಾಯ್ನ ಹಟ ಮಾಡ್ಲಿಲ್ಲ ಸಾರ್. ಕರ್ಕೊಂಡ್ ಬರೋಕೆ ಪಕ್ಕದ್ ಮನೆಯವರ ಬೈಕೂ ಕೇಳಿಟ್ಟಿದ್ರು. ನಾನೇ ಬರಲ್ಲ ಅಂದೆ. ಆವತ್ತು ನಿಮ್ಮ ಮಾತು ನಂಗೂ ಕೇಳ್ಲಿ ಅಂತ ಸ್ಪೀಕರ್ ಹಾಕಿದ್ರು, ನೀವು ಆಶೀರ್ವಾದ ಮಾಡ್ತೀರ ಅಂತ. ನೀವು ಮೇಕೆ ಮೇಯ್ಸೋ ಮಾತಾಡಿದ್ರಿ. ನಮ್ ತಾತ ಮೇಕೆ ಮೇಯ್ಸೇ ನಾಯ್ನನ್ನ ಓದ್ಸಿದ್ದು ಸಾರ್." ದನಿಯಲ್ಲಿ ಸಿಟ್ಟಿರಲಿಲ್ಲ, ಪಾಠ ಒಪ್ಪಿಸಿದ ಹಾಗಿತ್ತು. "ನಿಮ್ಗೆ ಹೇಳ್ಬೇಡ ಅಂತ ನಾಯ್ನ ಆಣೆ ಹಾಕಿದ್ರು. ಗೊತ್ತಾದ್ರೆ ಬಾಳ ನೊಂದ್ಕೋತಾರೆ ಅಂದ್ರು. ನಂದೇ ತಪ್ಪು ಅಂತ ಹೇಳ್ಕೋತೀನಿ ಬುಡು ಅಂದ್ರು."

ನಾನು ಹುಣಸೆಹಣ್ಣಿನ ಪಕ್ಕದಲ್ಲಿ ಕೂತೆ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಬೈಸಿಕೊಂಡು ಬುತ್ತಿಯ ಮುಚ್ಚಳ ಮುಚ್ಚುತ್ತಿದ್ದ ಆ ಮನುಷ್ಯ ನನ್ನ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದ್ದ. ಇಷ್ಟು ವರ್ಷ ನಾನು ಅವನನ್ನು ಕ್ಷಮಿಸುತ್ತಾ ಬಂದಿದ್ದೆ!

"ತಪ್ಪಾಯ್ತು ಕಣಮ್ಮ" ಎಂದೆ.

"ಹಲೋ? ಸಾರ್? ಕಟ್ಟಾಗ್ತಾ ಐತೆ ಸಾರ್, ಏನಂದ್ರಿ?"

"ತಪ್ಪಾಯ್ತು ಅಂದೆ."

"ಕೇಳಿಸ್ತಿಲ್ಲ ಸಾರ್. ಒಸಿ ಜೋರಾಗಿ ಹೇಳಿ."

ಎದ್ದು ನಿಂತೆ. ಕೆಳಗೆ ಬೀದಿಯಲ್ಲಿ ಸೊಪ್ಪಿನವಳ ಸುತ್ತ ನಾಲ್ಕೈದು ಜನ ನಿಂತಿದ್ದರು. ಎದುರು ಮನೆಯವರು ಪೇಪರು ಓದುತ್ತಿದ್ದರು. ಮೈದಾನದ ಆ ತುದಿಯ ಮಕ್ಕಳಿಗೆ ಕೂಗುವ ಡ್ರಿಲ್ ಮೇಷ್ಟ್ರ ಹಾಗೆ ಉಸಿರು ತುಂಬಿಕೊಂಡು ಕೂಗಿದೆ.

"ತಪ್ಪು ನಂದು ಕಣಮ್ಮಾ! ನಿಮ್ ನಾಯ್ನಂದಲ್ಲ, ನಂದು!"

ಬೀದಿಯವರೆಲ್ಲ ತಲೆಯೆತ್ತಿ ನೋಡಿದರು. "ಈಗ ಕೇಳುಸ್ತು ಸಾರ್" ಎಂದಳು ಪದ್ಮ.