ಬಿಸಿನೀರಿನ ಪಾಚಿ

ರಾಮನಗರದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದು ನಮ್ಮ ಕಸುಬು. ಬಿಸಿನೀರು ಹರಿಯುವ ಮೋರಿಯಲ್ಲಿ ಕಿತ್ತಳೆ ಬಣ್ಣದ ಲೋಳೆ ಬೆಳೆದಿತ್ತು. ಕಾಲೇಜಿಗೆ ಹೋಗುವ ಮೊಮ್ಮಗಳು ಅದನ್ನು ದಿನವೂ ನೋಡಿಕೊಳ್ಳುತ್ತಿದ್ದಳು. ಹಬ್ಬ ಬಂತೆಂದು ನಾನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಬಿಟ್ಟೆ.

“ಏನ್ ತಾತ, ಎಲ್ಲಾ ತೊಳ್ದ್‌ಬುಟ್ಯಲ್ಲ?”

“ಪಾಚಿ ಕಣವ್ವ. ಸುಡೋ ನೀರಲ್ಲಿ ಇನ್ನೇನಿರ್ತೈತೆ?”

“ಜೀವ ಐತೆ. ಬಿಸಿನೀರಿನ ಬುಗ್ಗೇಲೂ ಇಂಥದ್ದೇ ಇರ್ತೈತೆ. ಮಂಗಳ ಗ್ರಹದಲ್ಲಿ ವಿಜ್ಞಾನಿಗಳು ಇಂಥದ್ರ ಗುರುತ್ನೇ ಹುಡುಕ್ತಾವ್ರೆ.”

ಬಿಸಿನೀರೆಂದರೆ ಗೂಡಿನೊಳಗಿನ ಹುಳುವಿನ ಸಾವು ಎಂದಷ್ಟೇ ನನಗೆ ಗೊತ್ತಿತ್ತು, ಬೇಯಿಸುತ್ತಲೇ ಮುದುಕನಾದೆ. ಹಬೆಯೊಳಗೆ ಕೂತವನಿಗೆ, ಆ ಕೆಂಪು ಗ್ರಹದ ಮೋರಿಗಳನ್ನೂ ನನ್ನಂಥವನೊಬ್ಬ ಹಬ್ಬಕ್ಕೆಂದು ತೊಳೆದಿರಬಹುದೇನೋ ಅನ್ನಿಸಿತು.

“ತಪ್ಪಾಯ್ತು ಕಣವ್ವ” ಎಂದೆ.

ಅವಳು ಬಗ್ಗಿ, ಕಲ್ಲುಸಂದಿಯಲ್ಲಿ ಬೆರಳಾಡಿಸಿದಳು.

“ಇಲ್ಲಿ ಒಸಿ ಉಳ್ಕೊಂಡೈತೆ. ಪೊರಕೆ ಮುಟ್ಟಬ್ಯಾಡ.”