ನಡೀನ್ ಪಕ್ಕದ ಸೀಟು

ಸುದ್ದಿ ಬಂದಾಗ ಡೆಲ್ಮರ್ ಶೆಲ್ಟನ್ ವಿಲ್ಮಾಳ ಹೋಟೆಲಿನ ಕೌಂಟರಿನಲ್ಲಿ ಕೂತು ಮೊಟ್ಟೆಗೆ ಕಾಳುಮೆಣಸಿನ ಪುಡಿ ಉದುರಿಸಿಕೊಳ್ಳುತ್ತಿದ್ದ. ಜನವರಿಯ ಬೆಳಗು. ಹೊರಗೆ ನಿಂತ ಟ್ರಕ್ಕುಗಳ ಗಾಜಿನ ಮೇಲೆ ಹಿಮ ಗಟ್ಟಿಯಾಗಿತ್ತು. ಫ್ಲೋರಿಡಾದಲ್ಲಿ ವರ್ಷದ ಮೊದಲ ಕಾರ್ ರೇಸಿಗೆ ಇನ್ನೂ ಒಂದು ತಿಂಗಳು. ವರ್ಜೀನಿಯಾದ ಈ ಬೆಟ್ಟದ ಬುಡದ ಜನ ಆ ಒಂದು ತಿಂಗಳು ಬದುಕುವುದೇ ಸುದ್ದಿಯ ಮೇಲೆ. ಯಾವ ಚಾಲಕ ಯಾವ ತಂಡ ಸೇರಿದ, ಯಾವ ಕಾರಿಗೆ ಯಾವ ಬಣ್ಣ ಬಳಿದರು, ಯಾವ ಮೆಕ್ಯಾನಿಕ್ ಯಾರ ಮೇಲೆ ಮುನಿಸಿಕೊಂಡು ಹೊರಟುಹೋದ, ಎಲ್ಲವೂ ಬೇಕು. ಪಾದ್ರಿಯೇ ಪ್ರಾರ್ಥನೆ ಮುಗಿಸಿ ಬಾಗಿಲಲ್ಲಿ ನಿಂತು ಟೈರಿನ ವಿಷಯ ವಿಚಾರಿಸುತ್ತಾನೆಂದ ಮೇಲೆ ಮಿಕ್ಕವರ ಪಾಡೇನು!

ವಿಲ್ಮಾ ಗೋಡೆಯ ಟಿವಿಯ ದನಿ ಏರಿಸಿದಳು. "ಏಯ್, ಸುಮ್ನಿರ್ರೋ ಎಲ್ಲಾ! ಡೆಲ್ಮರ್, ಕೇಳಿಸ್ಕೊ ಚಿನ್ನ. ಆ ದರಿದ್ರ ನಿಯಮ ತೆಗೆದುಹಾಕಿದ್ರಂತೆ!"

ಹೌದು, ತೆಗೆದುಹಾಕಿದ್ದರು. ಋತುವಿನ ಕೊನೆಯ ಭಾನುವಾರದ ಒಂದೇ ಒಂದು ರೇಸಿನಲ್ಲಿ, ಸ್ಪರ್ಧೆಯಲ್ಲಿ ಉಳಿದ ನಾಲ್ವರಲ್ಲಿ ಯಾರು ಮುಂದೋ ಅವನ ತಲೆಗೆ ಇಡೀ ವರ್ಷದ ಕಿರೀಟ ಎಂಬ ಪದ್ಧತಿ ಇನ್ನಿಲ್ಲ. ಮತ್ತೆ ಹಲವು ರೇಸುಗಳ ಅಂಕ ಕೂಡಿಸಿಯೇ ಚಾಂಪಿಯನ್. ಹೋಟೆಲಿನಲ್ಲಿ ಕೂಗೋ ಕೂಗು. ಒಬ್ಬ ಡೆಲ್ಮರ್‌ನ ಬೆನ್ನಿಗೆ ಗುದ್ದಿದ, ಇನ್ನೊಬ್ಬ ಅವನ ಟೋಪಿ ಕಿತ್ತು ಗಾಳಿಗೆ ಎಸೆದ.

"ಗೆದ್ದೆ ಬಿಡಪ್ಪ! ಹನ್ನೆರಡು ವರ್ಷ ಪಟ್ಟು ಹಿಡಿದು ಕೂತು, ಅವರನ್ನೇ ಮಣಿಸಿಬಿಟ್ಟೆ!"

"ಇವತ್ತಿನ ತಿಂಡಿ ನಂದು," ಎಂದಳು ವಿಲ್ಮಾ. ಆಕೆ ಹಾಗನ್ನುವುದು ತೀರಾ ಅಪರೂಪ.

ಡೆಲ್ಮರ್ ನಗಲಿಲ್ಲ. ಪಕ್ಕದ ಸ್ಟೂಲಿನಲ್ಲಿದ್ದ ರಾಯ್ಸ್ ಟರ್ಮನ್ ಕೂಡ ನಗಲಿಲ್ಲ. ಇಬ್ಬರೂ ಪೀಠೋಪಕರಣ ಕಾರ್ಖಾನೆಯಲ್ಲಿ ಒಂದೇ ಬೆಂಚಿನಲ್ಲಿ ಕುರ್ಚಿಗಳಿಗೆ ಮರಳು ಕಾಗದ ಉಜ್ಜಿ ವಯಸ್ಸು ಕಳೆದವರು. ರಾಯ್ಸ್ ತನ್ನ ಕಾಫಿ ಲೋಟದೊಳಗೆ ಏನೋ ಬಿದ್ದಿರುವಂತೆ ಅದನ್ನೇ ನೋಡುತ್ತಿದ್ದ. ಡೆಲ್ಮರ್ ಎದ್ದ, ನೆಲಕ್ಕೆ ಬಿದ್ದಿದ್ದ ಟೋಪಿ ಎತ್ತಿಕೊಂಡ, ಮೊಟ್ಟೆಯನ್ನು ಹಾಗೇ ಬಿಟ್ಟು ಹೊರಟುಹೋದ.

ಅವನ ಹಠದ ಕಥೆ ಊರಿಗೆಲ್ಲ ಗೊತ್ತು. ಆದರೆ ಅದನ್ನು ಹೇಳಬೇಕಾದರೆ ಮೊದಲು ನಡೀನ್‌ಳನ್ನು ಹೇಳಬೇಕು.

ರೇಸಿನಲ್ಲಿ ನಡೀನ್ ಫೋರ್ಡ್ ಕಾರಿನ ಕಡೆಯ ಮನೆತನದವಳು, ಡೆಲ್ಮರ್ ಷೆವರ್ಲೆ ಕಾರಿನ ಕಡೆಯ ಮನೆತನದವನು. ನಮ್ಮಲ್ಲಿ ಇದು ಸಣ್ಣ ವಿಷಯವಲ್ಲ. ಬೇರೆ ಚರ್ಚಿನವರನ್ನು ಮದುವೆಯಾದರೂ ಜನ ಅಷ್ಟು ಆಡಿಕೊಳ್ಳುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಮೊದಲು ಕಂಡದ್ದು ಮಾರ್ಟಿನ್ಸ್‌ವಿಲ್ ಟ್ರ್ಯಾಕಿನಲ್ಲಿ. ಅವನ ಮೆಚ್ಚಿನ ಕಾರು ಮುಂದೆ ನುಗ್ಗಿತೆಂದು ಅವನು ಕುಪ್ಪಳಿಸಿದ ರಭಸಕ್ಕೆ ಕೈಲಿದ್ದ ಕೋಕ್ ಪೂರ್ತಿ ಮುಂದಿನ ಸಾಲಿನ ಹುಡುಗಿಯ ತಲೆಯ ಮೇಲೆ. ಅವಳು ಮೆಲ್ಲಗೆ ತಿರುಗಿ, "ನಿನ್ ಕಾರು ಇನ್ನೆರಡು ಸುತ್ತಲ್ಲಿ ಗೋಡೆಗೆ ಹೊಡ್ಕೊಳತ್ತೆ, ನೋಡ್ತಾ ಇರು" ಎಂದಳು. ಹಾಗೇ ಆಯಿತು. ಆ ಬಾಯಿಗೆ ಹೆದರಿಯೋ ಏನೋ, ಮರುವರ್ಷ ಅವಳನ್ನೇ ಮದುವೆಯಾದ. "ಹುಡುಗ ಒಳ್ಳೇವ್ನೇ. ಆದ್ರೆ ಷೆವರ್ಲೆ," ಎಂದು ಅವಳಪ್ಪ ಸಾಯುವವರೆಗೂ ಕೊರಗಿದ.

ಮದುವೆಯಾದ ವರ್ಷದಿಂದ ಅಲ್ಲಿನ ವಸಂತದ ರೇಸಿಗೆ ಅವರಿಗೆ ಅವೇ ಎರಡು ಸೀಟು. ನಾಲ್ಕನೇ ತಿರುವಿನ ಮೇಲೆ, ಎತ್ತರದಲ್ಲಿ. ಅಲ್ಲಿಂದ ಇಡೀ ಟ್ರ್ಯಾಕು ಬಟ್ಟಲಿನಂತೆ ಕಾಣುತ್ತದೆ, ಅದರಾಚೆ ಹಳಿಯ ಮೇಲೆ ಗೂಡ್ಸು ರೈಲು ಹೋಗುತ್ತದೆ. ನಡೀನ್ ಬಟ್ಟೆ ಗಿರಣಿಯಲ್ಲಿ ತೋಳು ಹೊಲಿಯುತ್ತಿದ್ದವಳು. ಅಲ್ಲಿನ ದಪ್ಪ ತುಂಡುಬಟ್ಟೆಯಲ್ಲೇ ಎರಡು ಮೆತ್ತೆ ಹೊಲಿದಳು, ತನಗೆ ನೀಲಿ, ಅವನಿಗೆ ಕೆಂಪು. ಚಾಲಕರು ತಮ್ಮ ತಂಡದವರ ಜೊತೆ ಆಡುವ ಮಾತು ಕೇಳಲು ಒಂದು ಪುಟ್ಟ ರೇಡಿಯೊ, ಅದಕ್ಕೆ ಎರಡು ಹೆಡ್‌ಫೋನ್. ಎಣ್ಣೆಕಾಗದದಲ್ಲಿ ಸುತ್ತಿದ ಕೆಂಪು ಹಾಟ್‌ಡಾಗ್ ತಲಾ ಎರಡು. ಅವಳ ಮೆಚ್ಚಿನ ನೀಲಿ ಫೋರ್ಡ್ ಕಾರು ಯಾರನ್ನಾದರೂ ಹಿಂದೆ ಹಾಕಿತೋ, ಅವನ ತೊಡೆಗೆ ಫಟ್ ಎಂದು ಒಂದು ಏಟು. ಸಂಜೆ ಮನೆಗೆ ಬರುವಷ್ಟರಲ್ಲಿ ಅವನ ತೊಡೆ ಕೆಂಪು, ಇಬ್ಬರ ಗಂಟಲೂ ಬಂದ್, ಕೂದಲ ತುಂಬ ಟೈರಿನ ಕಪ್ಪು ಪುಡಿ. ಮಕ್ಕಳಿರಲಿಲ್ಲ. ಆ ಒಂದು ಭಾನುವಾರವೇ ಅವರ ಹಬ್ಬ.

ಆಮೇಲೆ ಬಂತಲ್ಲ ಆ ನಿಯಮ! ಬಂದ ವರ್ಷವೇ ಡೆಲ್ಮರ್‌ನ ಮೆಚ್ಚಿನ ಚಾಲಕ ವರ್ಷವಿಡೀ ಎಲ್ಲರಿಗಿಂತ ಮುಂದಿದ್ದು, ಕೊನೆಯ ರೇಸಿನಲ್ಲಿ ಒಂದು ಚಕ್ರ ಸಡಿಲವಾಯಿತೆಂದು ಕಿರೀಟ ಕಳೆದುಕೊಂಡ. ಡೆಲ್ಮರ್‌ಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ವಿಲ್ಮಾಳ ಕೌಂಟರಿನ ಮೇಲೆ ಕೈ ಅಪ್ಪಳಿಸಿ ಎಲ್ಲರ ಮುಂದೆ ಹೇಳಿಬಿಟ್ಟ: "ಈ ಒಂದು ರೇಸಿನ ಲಾಟರಿ ಹೋಗೋ ತನಕ ನಾನು ಆ ಟ್ರ್ಯಾಕಿನ ಮೆಟ್ಲು ಹತ್ತಲ್ಲ. ಟಿವೀಲೂ ನೋಡಲ್ಲ. ದೇವರಾಣೆ!"

ನಮ್ಮ ಜನ ಬ್ಯಾಂಕನ್ನು ನಂಬದಿದ್ದರೂ ಕೊಟ್ಟ ಮಾತನ್ನು ನಂಬುತ್ತಾರೆ. ಆಡಿದ್ದು ಎಷ್ಟೇ ಪೆದ್ದು ಮಾತಾದರೂ ಸರಿ, ನಾಲ್ಕು ಜನರ ಮುಂದೆ ಆಡಿದ ಮೇಲೆ ಮುಗಿಯಿತು.

"ಅಷ್ಟೊಂದು ಸಾವಿರ ಜನ ಬರ್ತಾರೆ, ನೀನೊಬ್ಬ ಬರ್ಲಿಲ್ಲ ಅಂತ ಅವರಿಗೇನು ಕನಸು ಬೀಳತ್ತಾ?" ಎಂದು ನಡೀನ್ ಕೇಳಿದಳು.

"ನಂಗೆ ಗೊತ್ತಿರತ್ತಲ್ಲ."

"ನಿನ್ ಹಠಕ್ಕಿಷ್ಟು ಬೆಂಕಿ ಹಾಕ!"

ಮೊದಲ ವರ್ಷ ಅವಳು ಅತ್ತಳು, ಮಾತು ಬಿಟ್ಟಳು. ಆಮೇಲಿನ ವರ್ಷಗಳಲ್ಲಿ ರೇಸಿನ ಭಾನುವಾರ ಬಂತೆಂದರೆ ಡ್ಯಾನ್‌ವಿಲ್‌ನ ತಂಗಿಯ ಮನೆಗೆ ಹೊರಟುಬಿಡುತ್ತಿದ್ದಳು. ಡೆಲ್ಮರ್ ಶೆಡ್ಡಿನಲ್ಲಿ ಕೂತು ಊರವರ ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುತ್ತಿದ್ದ. ಸಂಜೆ ಅವಳು ಬಂದಾಗ ಮೂಗು ಬಿಸಿಲಿಗೆ ಕೆಂಪಾಗಿರುತ್ತಿತ್ತು, ಗಂಟಲು ಕಟ್ಟಿರುತ್ತಿತ್ತು. "ಅಕ್ಕ ತಂಗಿ ಸೇರಿದ್ರೆ ಬಾಯಿಗೆ ಬಿಡುವೇ ಇಲ್ಲ ನೋಡು," ಎಂದು ಇವನು ರೇಗಿಸುತ್ತಿದ್ದ. ಅವಳು ನಗುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳಿಗೆ ಕಾಯಿಲೆ ಬಲಿತಿತ್ತು. ವಸಂತದ ರೇಸಿಗೆ ವಾರವಿರುವಾಗ, ಇವನು ಸೂಪು ಕುಡಿಸುತ್ತಿದ್ದಾಗ, ಅವಳು ಕೇಳಿದಳು: "ಡೆಲ್ಮರ್, ಈ ಸಲವಾದ್ರೂ ಇಬ್ರೂ ಹೋಗ್ಬರೋಣ್ವಾ? ಗಾಲಿ ಕುರ್ಚೀಲಿ ಹೋದ್ರಾಯ್ತು."

ಅವನ ಬಾಯಿಂದ ಬಂದದ್ದೇನು? "ಅವರಿನ್ನೂ ನಿಯಮ ಬದಲಾಯಿಸಿಲ್ವಲ್ಲೇ."

ಅವಳು ಮತ್ತೆ ಕೇಳಲಿಲ್ಲ. ರೇಸಿನ ದಿನ ಮಲಗಿದಲ್ಲೇ ಮನೆಯ ದೊಡ್ಡ ರೇಡಿಯೊ ಹಚ್ಚಿಕೊಂಡಳು. ಶೆಡ್ಡಿನವರೆಗೂ ಸಣ್ಣಗೆ ಕೇಳುತ್ತಿತ್ತು. ಡೆಲ್ಮರ್ ಸಾಣೆಯಂತ್ರ ಚಾಲೂ ಮಾಡಿ, ಮೊದಲೇ ಹರಿತವಾಗಿದ್ದ ಬ್ಲೇಡನ್ನೇ ಸಾಯಂಕಾಲದ ತನಕ ಮಸೆದ. ಬೇಸಿಗೆ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ಅವತ್ತಿನಿಂದ ಅವನು ಸಾಣೆ ಮುಟ್ಟಲಿಲ್ಲ. ಆ ಯಂತ್ರವನ್ನು ಯಾರಿಗೋ ಪುಕ್ಕಟೆ ಕೊಟ್ಟುಬಿಟ್ಟ. ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ ಅವಳು ಕೇಳಿದ್ದು. ಅದನ್ನೂ ಕೊಡಲಿಲ್ಲ.

ಈಗ ಬಂದು ಗೆದ್ದೆ ಎನ್ನುತ್ತಾರೆ!

ಹೋಟೆಲಿನಿಂದ ಬಂದ ಡೆಲ್ಮರ್ ಮನೆಯ ಜಗಲಿ ಮೆಟ್ಟಿಲ ಮೇಲೆ ಕೂತಿದ್ದ. ಹಿಂದೆ ಇಬ್ಬರೂ ತಂತಮ್ಮ ಕಾರಿನ ಬಾವುಟ ಸಿಕ್ಕಿಸುತ್ತಿದ್ದ ಎರಡು ಕೊಳವೆ ಕಂಬದಲ್ಲಿದ್ದವು, ಎರಡೂ ಖಾಲಿ. ರಾಯ್ಸ್‌ನ ಟ್ರಕ್ಕು ಬಂದು ನಿಂತಿತು. ರಾಯ್ಸ್ ಇಳಿದವನು ನೇರ ಬರಲಿಲ್ಲ. ಟ್ರಕ್ಕನ್ನು ಒಂದು ಸುತ್ತು ಹಾಕಿದ, ಟೈರು ಒದ್ದು ನೋಡಿದ, ಆಮೇಲೆ ಸೀಟಿನ ಹಿಂದಿನಿಂದ ಒಂದು ಕ್ಯಾನ್ವಾಸ್ ಚೀಲ ತೆಗೆದುಕೊಂಡು ಬಂದ.

"ಒಂದ್ ವಿಷ್ಯ ಹೇಳೋದಿದೆ. ಹೊಡಿಯೋದಾದ್ರೆ ಪೂರ್ತಿ ಕೇಳಿ ಹೊಡಿ."

"ಏನ್ ಹೇಳು."

"ನಡೀನ್ ಡ್ಯಾನ್‌ವಿಲ್‌ಗೆ ಹೋಗ್ತಿರ್ಲಿಲ್ಲ ಕಣೋ. ರೇಸಿಗೆ ಹೋಗ್ತಿದ್ಲು. ನಾನೇ ಕರ್ಕೊಂಡು ಹೋಗ್ತಿದ್ದೆ."

ಡೆಲ್ಮರ್ ಎದ್ದು ನಿಂತ. ಮುಖ ಕೆಂಡವಾಯಿತು. "ನನ್ ಹೆಂಡ್ತೀನಾ? ನಂಗೆ ಗೊತ್ತಿಲ್ದಂಗೆ? ಇಷ್ಟ್ ವರ್ಷ ನನ್ ಪಕ್ಕ ಕೂತು ಕಾಫಿ ಕುಡಿದ್ಯಲ್ಲೋ ಕಳ್ಳ!"

"ಗ್ಲೆನಾನೂ ಇರ್ತಿದ್ಲು ಹುಚ್ಚಪ್ಪ, ನನ್ ಹೆಂಡ್ತಿ! ಅವಳನ್ನ ಬಿಟ್ಟು ನಾನು ಮನೆ ಗೇಟಾದ್ರೂ ದಾಟ್ತೀನಾ? ಕೂತ್ಕೊ. ಕೂತ್ಕೊ ಅಂದೆ."

ಡೆಲ್ಮರ್ ಕೂತ.

"ಎರಡು ಸೀಟೂ ಬಿಡ್ಲಿಲ್ಲ ಅವಳು. ಗಿರಣಿ ಪಿಂಚಣಿಯಿಂದ ಎರಡಕ್ಕೂ ಕಟ್ತಿದ್ಲು. ತನ್ನ ನೀಲಿ ಮೆತ್ತೆ ಹಾಕೋಳು, ಪಕ್ಕದಲ್ಲಿ ನಿನ್ ಕೆಂಪು ಮೆತ್ತೆ. ಯಾರಾದ್ರೂ ಕೂರೋಕೆ ಬಂದ್ರೆ, 'ನಮ್ಮೋರು ಹಾಟ್‌ಡಾಗ್ ತರಕ್ಕೆ ಹೋಗವ್ರೆ' ಅನ್ನೋಳು. ಅವಳ ಕಾರು ಮುಂದೆ ಹೋದಾಗ ಆ ಮೆತ್ತೆಗೆ ಫಟ್ ಅಂತ ಹೊಡಿಯೋಳು."

ಡೆಲ್ಮರ್‌ನ ಕೈ ತಾನಾಗಿಯೇ ತೊಡೆಯ ಮೇಲೆ ಹೋಯಿತು.

"ಇನ್ನೊಂದಿದೆ," ಎಂದ ರಾಯ್ಸ್, ಅಂಗಳದ ಕಡೆ ನೋಡುತ್ತ. "ನಿನ್ ಚಾಲಕ ಮುಂದೆ ಬಂದಾಗ್ಲೂ ಎದ್ದು ನಿಂತು ಕೂಗೋಳು. ಗಂಟ್ಲು ಹರ್ಕೊಂಡು! ಗ್ಲೆನಾ ಕೇಳಿದ್ಲು, 'ಅಲ್ಲ ಕಣೆ, ನೀನು ಫೋರ್ಡ್ ಮನೆ ಹುಡುಗಿ, ನಿಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ' ಅಂತ. ಅದಕ್ಕವಳು, 'ಡೆಲ್ಮರ್ ಬಂದಿಲ್ವಲ್ಲ, ಅವನ ಕಡೆಯಿಂದ ಯಾರಾದ್ರೂ ಕೂಗ್ಬೇಕಲ್ಲ' ಅಂದ್ಲು."

ಡೆಲ್ಮರ್ ಟೋಪಿ ತೆಗೆದು ಅದರಿಂದಲೇ ಮುಖ ಒರೆಸಿಕೊಂಡ. ಅವಳ ಆ ಕಟ್ಟಿದ ಗಂಟಲಲ್ಲಿ ಅರ್ಧ ತನಗಾಗಿ ಕೂಗಿದ್ದೆಂದು ಅವನಿಗೆ ತಿಳಿಯಲೇ ಇಲ್ಲವಲ್ಲ! ಎದುರಿಗೇ ನಿಂತಿರುತ್ತಿದ್ದಳು, ಕೆಂಪು ಮೂಗು ಹೊತ್ತು. ಒಂದು ಸಲ ಅವಳ ಕೂದಲಲ್ಲಿ ಕೈಯಾಡಿಸಿದ್ದರೆ ಟೈರಿನ ಕಪ್ಪು ಪುಡಿ ಸಿಗುತ್ತಿತ್ತು.

"ಯಾಕೋ ಹೇಳ್ಲಿಲ್ಲ? ಅವಳಿದ್ದಾಗ್ಲೇ ಯಾಕೆ ಹೇಳ್ಲಿಲ್ಲ?"

"ಆಣೆ ಹಾಕ್ಸಿದ್ಲು. 'ನಾಲ್ಕು ಜನರ ಮುಂದೆ ಮಾತು ಕೊಟ್ಟವ್ನೆ, ನಾನು ಹೋಗ್ತೀನಿ ಅಂತ ಗೊತ್ತಾದ್ರೆ ಒಂದಿನ ನನಗೋಸ್ಕರ ಮುರೀತಾನೆ, ಆಮೇಲೆ ವಿಲ್ಮಾ ಕೌಂಟರಲ್ಲಿ ತಲೆ ಎತ್ತಲ್ಲ. ನಿಯಮ ಹೋದ ದಿನ ಹೇಳು, ಆ ಸೀಟಲ್ಲಿ ಕರ್ಕೊಂಡೋಗಿ ಕೂರ್ಸು' ಅಂದಿದ್ಲು."

"ಮತ್ತೆ ಆ ಕೊನೇ ವರ್ಷ? ಅವತ್ತು ಮನೇಲೇ ಇದ್ಲಲ್ಲ?"

ರಾಯ್ಸ್ ಚೀಲವನ್ನು ಮೆಟ್ಟಿಲ ಮೇಲಿಟ್ಟ. "ನಾನೂ ಗ್ಲೆನಾನೂ ಎತ್ಕೊಂಡಾದ್ರೂ ಹೋಗ್ತೀವಿ ಅಂದ್ವಿ. 'ಈ ಸಲ ಅವನನ್ನೇ ಕೇಳ್ತೀನಿ. ಬರ್ಲಿಲ್ಲ ಅಂದ್ರೆ ಅವನ ಜೊತೇಲೇ ಇರ್ತೀನಿ' ಅಂದ್ಲು. ಅವನ ಜೊತೇಲೇ, ಅಂತ."

ಜೊತೆಯಲ್ಲಿ! ಅವನಿದ್ದದ್ದು ಶೆಡ್ಡಿನಲ್ಲಿ. ಅವಳು ಎಲ್ಲ ಬಿಟ್ಟು ಅವನ ಪಕ್ಕಕ್ಕೆಂದು ಮನೆಯಲ್ಲೇ ಉಳಿದ ದಿನ ಅವನು ಸಾಣೆ ಹಿಡಿದುಕೊಂಡು ಕೂತಿದ್ದ. ಡೆಲ್ಮರ್ ಆಗ ಅತ್ತ. ಎಪ್ಪತ್ತು ದಾಟಿದ ಗಂಡಸು, ಕಾರ್ಖಾನೆ ಮುಚ್ಚಿದಾಗ ಅಳದವನು, ಹೆಂಡತಿಯ ಮಣ್ಣಿನಲ್ಲೂ ಹಲ್ಲು ಕಚ್ಚಿ ನಿಂತವನು, ಹಾಡಹಗಲಲ್ಲಿ ಜಗಲಿಯ ಮೆಟ್ಟಿಲ ಮೇಲೆ ಹೋ ಎಂದು ಅತ್ತ. ರಾಯ್ಸ್ ಬಿಟ್ಟುಹೋಗಲಿಲ್ಲ. ಪಕ್ಕದಲ್ಲೇ ಕೂತು ಚೀಲ ಬಿಚ್ಚಿದ.

ಚೀಲದಲ್ಲಿ ಎರಡು ಮೆತ್ತೆ, ಆ ಪುಟ್ಟ ರೇಡಿಯೊ, ಎರಡು ಹೆಡ್‌ಫೋನ್ ಇದ್ದವು. ನೀಲಿ ಮೆತ್ತೆ ಕೂತು ಕೂತು ಚಪ್ಪಟೆಯಾಗಿತ್ತು. ಕೆಂಪು ಮೆತ್ತೆ ಇನ್ನೂ ಉಬ್ಬಿಯೇ ಇತ್ತು, ನಡುವೆ ಒಂದೇ ಕಡೆ ಮಾತ್ರ ಅಂಗೈಯಗಲ ಬಣ್ಣ ಮಾಸಿತ್ತು. ಡೆಲ್ಮರ್ ಅದರ ಮೇಲೆ ತನ್ನ ಕೈ ಇಟ್ಟು ನೋಡಿದ. ಆ ಗುರುತಿಗೆ ಅವನ ಕೈ ದೊಡ್ಡದಾಯಿತು.

"ಸೀಟು ಹೋಗಿಲ್ಲ," ಎಂದ ರಾಯ್ಸ್. "ಅವಳು ಹೋದ್ಮೇಲೆ ನಾನೇ ಉಳಿಸ್ಕೊಂಡು ಬಂದಿದೀನಿ, ಎರಡೂನು. ಬರ್ತೀಯಾ?"

"ಎರಡು ವರ್ಷ ತಡವಾಯ್ತಲ್ಲೋ."

"ಆಯ್ತು. ಅದಕ್ಕೇನ್ ಹೇಳ್ಲಿ ನಾನು? ಆಯ್ತು."

ಡೆಲ್ಮರ್ ಮೂಗು ಒರೆಸಿಕೊಂಡ. ನೀಲಿ ಮೆತ್ತೆಯನ್ನು ತೊಡೆಯ ಮೇಲೆ ಎಳೆದುಕೊಂಡ. "ಅವಳ ಆ ನೀಲಿ ಕಾರು ಈಗ ಯಾರ ಕೈಲಿದೆ? ನಂಗೆ ಒಂದು ಸುದ್ದಿನೂ ಗೊತ್ತಿಲ್ಲ."

"ಅವಳು ಮೆಚ್ಚಿದ್ದ ಆ ಮುದುಕ ಚಾಲಕ ನಿವೃತ್ತಿ ಆದ. ಈ ವರ್ಷದಿಂದ ಹೊಸ ಹುಡುಗ, ಗ್ರೋಗನ್ ಅಂತ. ಇನ್ನೂ ಸರಿಯಾಗಿ ಮೀಸೆ ಬಂದಿಲ್ಲ. ಗೋಡೆಗೆ ಹೊಡಿಯೋದ್ರಲ್ಲಿ ನಿಪುಣ ಅಂತಾರೆ. ಯಾಕೆ?"

"ಅವಳು ಬರಲ್ವಲ್ಲ," ಎಂದ ಡೆಲ್ಮರ್. "ಅವಳ ಕಡೆಯಿಂದ ಯಾರಾದ್ರೂ ಕೂಗ್ಬೇಕಲ್ಲ."

ಅವನು ಎದ್ದು ಕಂಬ ಹಿಡಿದು ನಿಂತ. ಹುಟ್ಟಾ ಷೆವರ್ಲೆ ಮನುಷ್ಯ. ಫೋರ್ಡ್ ಕಡೆಯವರ ಹೆಸರು ಕೂಗಿದ ಬಾಯಲ್ಲ ಅದು. ಒಂದು ಸಲ ಕೆಮ್ಮಿದ. "ಗ್ರೋಗನ್," ಎಂದ, ಯಾರನ್ನೋ ಊಟಕ್ಕೆ ಕರೆದ ಹಾಗೆ.

"ನಾಲ್ಕನೇ ತಿರುವಿಂದ ಅದು ನಿನ್ ಮೊಣಕಾಲಿಗೂ ಕೇಳಲ್ಲ," ಎಂದ ರಾಯ್ಸ್. "ಅವಳು ನಿನಗೋಸ್ಕರ ಹಿಂಗಾ ಕೂಗಿದ್ದು?"

ಡೆಲ್ಮರ್ ಉಸಿರು ತುಂಬಿಕೊಂಡು ಕೂಗಿದ. ದನಿ ಅರ್ಧದಲ್ಲಿ ಒಡೆಯಿತು. ಆಚೆ ಮನೆಯ ನಾಯಿ ಬೊಗಳತೊಡಗಿತು. ಅವನು ಕಣ್ಣು ಒರೆಸಿಕೊಂಡು ಮತ್ತೆ ಕೂಗಿದ, ಮತ್ತೆ ಕೂಗಿದ, ಗಂಟಲು ಕಟ್ಟುವ ತನಕ.